ಅಂಗಳಕ್ಕೊಂದು ತಂಗಡಿ

(ರೈತರ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ನಾನು ತಮ್ಮ ಮುಂದೆ ಹೇಳಬೇಕೆಂದಿರುವುದು ಹೊಸ ಬಿತ್ತನೆ ಬೀಜದ ವಿಷಯವಲ್ಲ, ರಸಗೊಬ್ಬರದ ವಿಷಯವೂ ಅಲ್ಲ. ಒಂದು ಹೂವಿನ ಗಿಡದ ವಿಷಯ. ಹೂವಿನ ಗಿಡವೆಂದೊಡನೆ ಗುಲಾಬಿಯೋ ಕ್ರೋಟನ್ನೋ ಎಂದುಕೊಳ್ಳಬೇಡಿ. ಈ ಗಿಡ ನಿಮ್ಮ ಹೊಲದ ಬದುವಿನ ಮೇಲೆ, ಗೋಮಾಳದಲ್ಲಿ, ಗುಡ್ಡದ ಬುಡದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ನಿಂತಿದೆ. ಅದೇ ತಂಗಡಿ. ನಿಮ್ಮಲ್ಲಿ ಕೆಲವರು ತಂಗಟೆ ಎನ್ನುತ್ತೀರಿ. ಬೇರೆ ಕಡೆ ಆವರಿಕೆ ಎನ್ನುವವರೂ ಉಂಟು. ತೆಲುಗಿನವರು ತಂಗೇಡು ಎನ್ನುತ್ತಾರೆ, ತಮಿಳರು ಆವಾರಂ ಎನ್ನುತ್ತಾರೆ.

ಹೆಸರು ಹೇಳಿದ ಕೂಡಲೆ ಹಿಂದಿನ ಸಾಲಿನವರು ನಕ್ಕಿರಿ. ಸೌದೆಗೆ ಕಡಿಯುವ ಗಿಡವನ್ನು ಅಂಗಳಕ್ಕೆ ತಂದು ಸಾಕುವುದೇ ಎಂದು ನಗು ಬರುವುದು ಸಹಜ. ಆದರೆ ಒಂದು ಲೆಕ್ಕವಿದೆ, ಅದನ್ನು ಕೇಳಿ, ಆಮೇಲೆ ನಗಬಹುದು.

ನಮ್ಮ ಸೀಮೆಯಲ್ಲಿ, ಚಳ್ಳಕೆರೆ, ಹಿರಿಯೂರು, ಪಾವಗಡದ ಕಡೆಗಳಲ್ಲಿ, ವರ್ಷಕ್ಕೆ ಬೀಳುವ ಮಳೆ ೫೦೦ ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿದ್ದು ಮುಗಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ನೆಲಕ್ಕೆ ಹನಿ ಇಲ್ಲ. ಹೀಗಿರುವಲ್ಲಿ ಮನೆಯ ಮುಂದೆ ಹತ್ತು ಅಲಂಕಾರದ ಗಿಡ ಇಟ್ಟುಕೊಂಡಿದ್ದೀರಿ ಎನ್ನೋಣ. ಬೇಸಿಗೆಯಲ್ಲಿ ಒಂದೊಂದಕ್ಕೆ ದಿನ ಬಿಟ್ಟು ದಿನ ಅರ್ಧ ಬಿಂದಿಗೆ ನೀರಾದರೂ ಬೇಕು. ಒಂದು ಸಲಕ್ಕೆ ಐದು ಬಿಂದಿಗೆಯಾಯಿತು. ಮಾರ್ಚಿಯಿಂದ ಮೇ ಕೊನೆಯವರೆಗೆ ೪೬ ಸಲ. ಒಟ್ಟು ೨೩೦ ಬಿಂದಿಗೆ. ಇದು ಒಂದು ಬೇಸಿಗೆಯ ಲೆಕ್ಕ. ಮುಂದಿನ ಬೇಸಿಗೆಗೆ ಇದನ್ನೇ ಮತ್ತೆ ಹೊರಬೇಕು.

ಈ ೨೩೦ ಬಿಂದಿಗೆಯನ್ನು ಹೊರುವವರು ಯಾರು? ಇಲ್ಲಿ ಕುಳಿತಿರುವ ಯಜಮಾನರಲ್ಲಿ ಎಷ್ಟು ಮಂದಿ ಬಿಂದಿಗೆ ಎತ್ತಿದ್ದೀರೆಂದು ನಾನು ಕೇಳುವುದಿಲ್ಲ. ಒಂದು ಊರಿನಲ್ಲಿ ಕೈತೋಟದ ಮಾತು ಎತ್ತಿದಾಗ ವಯಸ್ಸಾದ ತಾಯೊಬ್ಬರು ಜಗಲಿಯಿಂದಲೇ, "ಗಿಡ ಹಾಕಿ ಅಂತ ಹೇಳಿ ನೀನು ಹೋಗ್ತೀಯ ಕಣಪ್ಪ, ನೀರು ಹೊರೋರು ನಾವು" ಎಂದರು. ಆ ಮಾತಿಗೆ ಯಾವ ಪುಸ್ತಕದಲ್ಲಿಯೂ ಉತ್ತರವಿಲ್ಲ. ಕೊಳವೆ ಬಾವಿ ಬತ್ತಿದ ವರ್ಷ, ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ತಿಂಗಳು, ದನಕ್ಕೆ ನೀರು ಕುಡಿಸುವುದೇ ಕಷ್ಟವಾಗಿರುವಾಗ ಕ್ರೋಟನ್ ಗಿಡಕ್ಕೆ ನೀರು ಹೊಯ್ಯಿರಿ ಎಂದು ಹೇಳುವ ಬಾಯಿ ನನಗಿಲ್ಲ. ಹಾಗೆಂದು ಅಂಗಳ ಬೋಳಾಗಿರಲಿ ಎನ್ನುವ ಮನಸ್ಸೂ ಇಲ್ಲ. ಆದುದರಿಂದಲೇ ತಂಗಡಿಯ ಮಾತು.

ತಂಗಡಿಗೆ ನೀರು ಬೇಡವೇ ಬೇಡವೆಂದರೆ ಸುಳ್ಳಾದೀತು. ಮೊದಲ ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಅರ್ಧ ಬಿಂದಿಗೆ ಕೊಡಬೇಕು. ಅಂದರೆ ಒಂದು ಗಿಡಕ್ಕೆ ಮೂರರಿಂದ ಐದು ಬಿಂದಿಗೆ, ಹತ್ತು ಗಿಡಕ್ಕೆ ಹೆಚ್ಚೆಂದರೆ ಐವತ್ತು. ಅದೂ ಒಂದೇ ವರ್ಷ. ಎರಡನೆಯ ಬೇಸಿಗೆಯಿಂದ ಅದರ ಪಾಡು ಅದು ನೋಡಿಕೊಳ್ಳುತ್ತದೆ.

ಅದು ಹೇಗೆ ನೋಡಿಕೊಳ್ಳುತ್ತದೆ ಎಂಬುದನ್ನು ತಿಳಿದುಕೊಂಡರೆ ಗಿಡ ಬೆಳೆಸುವುದು ಸುಲಭ. ತಂಗಡಿಯ ತಾಯಿಬೇರು ಮೊದಲು ಕೆಳಕ್ಕೆ ಇಳಿಯುತ್ತದೆ, ಆಮೇಲೆ ಗಿಡ ಮೇಲಕ್ಕೆ ಏಳುತ್ತದೆ. ಮೊದಲ ಕೆಲವು ತಿಂಗಳು ಗಿಡ ಎದ್ದೇ ಇಲ್ಲವೆಂದು ಕೆಲವರು ಬೇಸರಪಡುತ್ತಾರೆ; ಅದು ನೆಲದೊಳಗೆ ಕೆಲಸ ನಡೆಸಿರುವ ಕಾಲ. ಎಲೆಯೂ ಅಗಲವಿಲ್ಲ; ಒಂದೊಂದು ಕಡ್ಡಿಯ ಮೇಲೆ ೮ರಿಂದ ೧೨ ಜೊತೆ ಸಣ್ಣ ಎಲೆಗಳು, ರಾತ್ರಿ ಮಡಿಚಿಕೊಳ್ಳುತ್ತವೆ. ತೀರ ಒಣಗಾಲ ಬಂದರೆ ಎಲೆಯ ಭಾರವನ್ನು ಕಡಮೆ ಮಾಡಿಕೊಂಡು ನಿಲ್ಲುತ್ತದೆ. ಒಂದು ಮಳೆ ಬಿದ್ದರೆ ಮತ್ತೆ ಚಿಗುರು.

ಇನ್ನು ಗುರುತಿನ ಮಾತು. ಹಳದಿ ಹೂ ಬಿಡುವುದೆಲ್ಲ ತಂಗಡಿಯಲ್ಲ. ತಂಗಡಿಯ ಎಲೆಕಡ್ಡಿ ಕೊಂಬೆಗೆ ಸೇರುವ ಕಡೆ ನೋಡಿ. ಎರಡು ಹಸಿರು ಕಿವಿಗಳಂತೆ ಅಗಲವಾದ ದಳಗಳು ಕೊಂಬೆಯನ್ನು ತಬ್ಬಿಕೊಂಡಿರುತ್ತವೆ. ಸೆನ್ನಾ ಆರಿಕ್ಯುಲೇಟಾ ಎಂಬ ಇದರ ಶಾಸ್ತ್ರೀಯ ಹೆಸರು ಬಂದದ್ದೂ ಈ ಕಿವಿಯಿಂದಲೇ. ಕಾಯಿ ಚಪ್ಪಟೆ, ಒಣಗಿದಾಗ ಕಾಗದದಂತೆ ತೆಳ್ಳಗೆ. ತೊಗಟೆ ನುಣುಪಾಗಿ ದಾಲ್ಚಿನ್ನಿಯ ಬಣ್ಣ.

ಈ ಗುರುತು ಏಕೆ ಬೇಕೆಂದರೆ, ಇದರ ಬಳಗದಲ್ಲೇ ಎರಡು ಗಿಡಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಒಂದು, ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕ ಮೂಲದ ಮರ. ಅಲಂಕಾರಕ್ಕೂ ನೆರಳಿಗೂ ಎಂದು ತಂದ ಈ ಮರ ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡುಗಳೊಳಗೆ ಹಬ್ಬಿ, ಕೆಳಗೆ ಹುಲ್ಲನ್ನೂ ಏಳಗೊಡದೆ ಅರಣ್ಯದವರಿಗೆ ದೊಡ್ಡ ತಲೆನೋವಾಗಿದೆ. ಕಡಿದಷ್ಟೂ ಚಿಗುರುತ್ತದೆ. ಯಾರಾದರೂ ಹಳದಿ ಹೂವಿನ ಸಸಿ ಪುಕ್ಕಟೆ ಕೊಟ್ಟರೆ ಕಿವಿ ನೋಡಿ ತೆಗೆದುಕೊಳ್ಳಿ, ಗಿಡದ ಕಿವಿ! ಇನ್ನೊಂದು ದೊಡ್ಡ ತಗಚೆ. ತಿಪ್ಪೆಯ ಸುತ್ತ ಬೆಳೆಯುತ್ತದೆ, ಕಿವುಚಿದರೆ ಕೆಟ್ಟ ವಾಸನೆ, ಎಲೆಯ ತುದಿ ಚೂಪು, ಕಡ್ಡಿಗೆ ನಾಲ್ಕೈದು ಜೊತೆ ಮಾತ್ರ. ಉತ್ತರಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಚಳಿಗಾಲ ಬಂದಾಗ ಸಣ್ಣ ಮಕ್ಕಳು ವಾಂತಿ ಮಾಡಿ, ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಇದು ಮಿದುಳಿನ ಜ್ವರವೆಂದೇ ಬಹುಕಾಲ ಎಣಿಸಿದ್ದರು. ಮಕ್ಕಳು ಆಟದಲ್ಲಿ ಈ ತಗಚೆಯ ಬೀಜ ತಿಂದದ್ದೇ ಕಾರಣವೆಂದು ವೈದ್ಯರು ೨೦೦೭ರಲ್ಲಿ ಪ್ರಕಟಿಸಿದರು. ತಂಗಡಿಯ ಜೊತೆ ಇದನ್ನು ಕಲಸಿಕೊಳ್ಳಬಾರದು. ಅಂಗಳದ ಸುತ್ತ ಇದ್ದರೆ ಕಾಯಿ ಕಟ್ಟುವ ಮೊದಲೇ ಕಿತ್ತುಹಾಕಿ.

ಈಗ ಬೀಜದ ಕೆಲಸ. ಇಲ್ಲಿಯೇ ಬಹಳ ಮಂದಿ ಸೋಲುವುದು. ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬದುವಿನ ಗಿಡವನ್ನು ಕಿತ್ತು ತಂದು ನೆಡಲು ಹೋಗಬೇಡಿ. ತಾಯಿಬೇರು ಹರಿದ ತಂಗಡಿ ಬದುಕುವುದು ಅಪರೂಪ. ಬದುವಿನಲ್ಲೂ ಇಲ್ಲದಾಗುತ್ತದೆ, ಅಂಗಳದಲ್ಲೂ ಇಲ್ಲದಾಗುತ್ತದೆ. ಬೀಜದಿಂದಲೇ ಮಾಡಬೇಕು.

ಕಾಯಿ ಕಂದುಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಗಲಗಲ ಎನ್ನುವಾಗ ಕೊಯ್ಯಿರಿ. ಒಂದೇ ಗಿಡವನ್ನು ಬೋಳು ಮಾಡದೆ ನಾಲ್ಕಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಿ. ಎರಡು ದಿನ ಬಿಸಿಲಿಗೆ ಹಾಕಿ ಬಡಿದರೆ ಬೀಜ ಬೀಳುತ್ತದೆ. ತೂತು ಬಿದ್ದ ಬೀಜ ಹುಳು ತಿಂದದ್ದು, ಅದನ್ನು ಆರಿಸಿ ಎಸೆಯಿರಿ. ಉಳಿದದ್ದನ್ನು ನೀರಿಗೆ ಹಾಕಿ, ತೇಲಿದ್ದನ್ನು ಬಿಡಿ, ಮುಳುಗಿದ್ದನ್ನು ಒಣಗಿಸಿ ಒಲೆಯ ಬೂದಿ ಬೆರೆಸಿ ಡಬ್ಬಿಯಲ್ಲಿಡಿ.

ತಂಗಡಿಯ ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಊರಿದರೆ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಕೆಲವು ಯಾವಾಗಲೋ ಹುಟ್ಟುತ್ತವೆ. ಬರಗಾಲದ ನಾಡಿನ ಗಿಡಕ್ಕೆ ಇದು ಜಾಣತನ. ಎಲ್ಲ ಬೀಜವೂ ಒಂದೇ ಮಳೆಯನ್ನು ನಂಬುವುದಿಲ್ಲ. ನಮಗೆ ಮಾತ್ರ ಒಟ್ಟಿಗೆ ಹುಟ್ಟಬೇಕು. ಅದಕ್ಕೆ ಉಪಾಯವಿದು: ಒಂದು ಚೆಂಬು ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಬೀಜವನ್ನು ಅದರಲ್ಲಿ ಹಾಕಿ ಮುಚ್ಚಿ, ಬೆಳಗಿನವರೆಗೆ ಹಾಗೆಯೇ ಬಿಡಿ. ಒಲೆಯ ಮೇಲೆ ಇರುವಾಗಲೇ ಹಾಕಿದರೆ ಬೀಜ ಬೆಂದುಹೋಗುತ್ತದೆ. ಬೆಳಗ್ಗೆ ನೋಡಿದರೆ ಕೆಲವು ಬೀಜ ಉಬ್ಬಿರುತ್ತವೆ, ಅವು ಊರಲು ಸಿದ್ಧ. ಉಬ್ಬದೆ ಉಳಿದವನ್ನು ಒರಟು ಕಲ್ಲಿನ ಮೇಲೆ ಒಂದೆರಡು ಸಲ ಉಜ್ಜಿ ಮತ್ತೆ ಒಂದು ರಾತ್ರಿ ನೆನೆಹಾಕಿ.

ಊರುವ ಕಾಲವನ್ನು ಆಯಾ ಊರಿನ ಮಳೆ ನೋಡಿ ನಿರ್ಧರಿಸತಕ್ಕದ್ದು. ಮುಂಗಾರು ಒಂದೆರಡು ಮಳೆ ಕೊಟ್ಟು ಜುಲೈಯಲ್ಲಿ ಬರಿಯ ಗಾಳಿ ಬೀಸುವುದು ನಮ್ಮ ಕಡೆಯ ರೂಢಿ. ಆ ಗಾಳಿಗೆ ಎಳೆಯ ಸಸಿ ಒಣಗುತ್ತದೆ. ನಡುವೆ ಒಂದು ಚೆಂಬು ನೀರು ಹಾಕುವವರಿದ್ದರೆ ಜೂನಿನಲ್ಲಿಯೇ ಊರಬಹುದು. ಇಲ್ಲದಿದ್ದರೆ ಮಖೆ ಮಳೆಯ ಹದ ನೋಡಿ ಊರಿ; ಹುಬ್ಬೆ, ಉತ್ತರೆ, ಹಸ್ತೆಗಳಲ್ಲಿ ಒಂದಾದರೂ ಕೈಹಿಡಿಯುತ್ತದೆ.

ಒಂದು ಅಡಿ ಉದ್ದ ಅಗಲ ಆಳದ ಗುಣಿ ತೆಗೆದು, ಅದೇ ಮಣ್ಣಿಗೆ ಎರಡು ಬೊಗಸೆ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಅಷ್ಟೇ ಸಾಕು. ಗೊಬ್ಬರ ಹೆಚ್ಚಾದರೆ ಎಲೆ ದಟ್ಟವಾಗಿ ಹೂ ಕಡಮೆಯಾಗುತ್ತದೆ. ಗುಣಿಗೆ ಮೂರು ನಾಲ್ಕು ಬೀಜ, ಬೆರಳಿನ ಒಂದು ಗೆಣ್ಣಿನಷ್ಟು ಆಳ. ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತದೆ. ಗೇಣುದ್ದ ಆದ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ, ಮಿಕ್ಕವನ್ನು ಕೀಳದೆ ಕತ್ತರಿಸಿಹಾಕಿ. ಸಾಲಾಗಿ ಬೇಲಿಯಂತೆ ಬೇಕಾದರೆ ಮೂರು ಅಡಿಗೊಂದು, ಒಂಟಿ ಗಿಡವಾಗಿ ಬೇಕಾದರೆ ಆರು ಅಡಿ ಜಾಗ ಕೊಡಿ. ಚೀಲದಲ್ಲಿ ಸಸಿ ಮಾಡುವವರು ಎರಡು ತಿಂಗಳಿಗಿಂತ ಹೆಚ್ಚು ಇಡಬಾರದು. ಬೇರು ತಳದಲ್ಲಿ ಸುರುಳಿ ಸುತ್ತಿದರೆ ಆ ಗಿಡಕ್ಕೆ ಬರ ತಡೆಯುವ ಶಕ್ತಿ ಎಂದಿಗೂ ಬರುವುದಿಲ್ಲ. ನನ್ನನ್ನು ಕೇಳಿದರೆ ನೆಲದಲ್ಲಿ ನೇರವಾಗಿ ಊರುವುದೇ ಮೇಲು.

ಕೆಮ್ಮಣ್ಣು, ಗರಸು, ಕಲ್ಲುಭೂಮಿ ಯಾವುದಾದರೂ ಸರಿ. ಎರೆಯಲ್ಲಿಯೂ ಬರುತ್ತದೆ, ನೀರು ನಿಲ್ಲಬಾರದು ಅಷ್ಟೆ. ಬಚ್ಚಲ ನೀರು ಹರಿಯುವ ಕಡೆ ಮಾತ್ರ ತಂಗಡಿ ಬೇಡ; ಆ ಜಾಗವನ್ನು ಬಾಳೆಗೋ ಕರಿಬೇವಿಗೋ ಬಿಡಿ. ಬೇವಿನ ನೆರಳಿನಲ್ಲಿಯೂ ಬೇಡ. ದಿನವೆಲ್ಲ ಬಿಸಿಲು ಬೀಳುವ, ಬೇರೇನೂ ಬದುಕದ ಮೂಲೆ ಇದ್ದರೆ ಅದೇ ಇದಕ್ಕೆ ತಕ್ಕ ಜಾಗ.

ನೀರು ಕೊಡುವಾಗ ಒಂದು ಕ್ರಮ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಸೋಮಾರಿಯಾಗುತ್ತದೆ. ಹತ್ತು ದಿನಕ್ಕೊಮ್ಮೆ ಒಂದೇ ಸಲ, ಬುಡದಿಂದ ಗೇಣು ದೂರದಲ್ಲಿ, ನಿಧಾನವಾಗಿ ಇಂಗುವಂತೆ ಹೊಯ್ಯಿರಿ. ಮೇಲೆ ಶೇಂಗಾ ಸಿಪ್ಪೆಯನ್ನೋ ತರಗನ್ನೋ ಹೊದಿಸಿ. ಗೆದ್ದಲು ಹತ್ತದಂತೆ ಕಾಂಡದಿಂದ ನಾಲ್ಕು ಬೆರಳು ದೂರವಿರಲಿ.

ಎರಡನೆಯ ಮಳೆಗಾಲಕ್ಕೆ ಸಾಮಾನ್ಯವಾಗಿ ಹೂ ಕಾಣುತ್ತದೆ. ಗಿಡ ಆಳೆತ್ತರಕ್ಕೂ ಮೀರಿ ಹೋಗುವುದರಿಂದ ಕತ್ತರಿ ಬೇಕು. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದುದರಿಂದ ಕಾಯಿ ಒಣಗಿದ ಮೇಲೆ, ಮುಂಗಾರಿಗೆ ಮೊದಲು, ಮೊಣಕಾಲೆತ್ತರಕ್ಕೆ ಕಡಿಯಿರಿ. ಮಳೆಗೆ ಎಲ್ಲ ಕಡೆಯಿಂದ ಚಿಗುರಿ, ದೀಪಾವಳಿಯ ಹೊತ್ತಿಗೆ ಗಿಡವೆಲ್ಲ ಹಳದಿಯಾಗುತ್ತದೆ. ಆಗಸ್ಟಿನಲ್ಲಿ ಕಡಿದರೆ ಆ ವರ್ಷದ ಹೂವನ್ನು ನೀವೇ ಕೊಯ್ದಂತೆ. ದೀಪಾವಳಿಗೆ ಸಗಣಿಯ ಗುಪ್ಪೆಗೆ ಸಿಕ್ಕಿಸಲು ತಂಗಟೆ ಹೂ ಬೇಕೆಂದು ಹಿಂದೆ ಹುಡುಗರು ಗುಡ್ಡ ಹತ್ತಿ ತರುತ್ತಿದ್ದರು. ಈಗ ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ, ನಾವು ಹಣ ಕೊಟ್ಟು ತರುತ್ತೇವೆ. ಪಕ್ಕದ ತೆಲಂಗಾಣದಲ್ಲಿ ಬತುಕಮ್ಮ ಹಬ್ಬಕ್ಕೆ ಈ ಹೂವಿಲ್ಲದೆ ಆಗದು. ೨೦೧೪ರಲ್ಲಿ ಆ ರಾಜ್ಯ ಹುಟ್ಟಿದಾಗ ಇದನ್ನೇ ರಾಜ್ಯದ ಹೂವೆಂದು ಆರಿಸಿಕೊಂಡರು. ಸೌದೆಯ ಗಿಡವೆಂದು ನಕ್ಕವರು ಇದನ್ನು ಗಮನಿಸಬೇಕು.

ಹೂವಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇದರಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ ಅಡಗಿರುತ್ತದೆ. ಕರಿದುಂಬಿ ಬಂದು ಹೂವನ್ನು ಅಪ್ಪಿಕೊಂಡು ಗುಂಯ್ ಎಂದು ಮೈ ನಡುಗಿಸಿದಾಗ ಪರಾಗ ಉಪ್ಪಿನ ಡಬ್ಬಿಯಿಂದ ಉದುರಿದಂತೆ ಉದುರುತ್ತದೆ. ನಿಮ್ಮ ಹಿತ್ತಲಿನ ಬದನೆ, ಟೊಮೇಟೊ ಹೂಗಳೂ ಇದೇ ಬಗೆಯವು. ಗುಂಯ್ಗುಡುವ ದುಂಬಿ ಬಂದರೆ ಅವಕ್ಕೂ ಲಾಭ. ಬದನೆ ಹೂ ಇಲ್ಲದ ತಿಂಗಳಿನಲ್ಲಿ ಈ ದುಂಬಿಗೆ ತಂಗಡಿ ಊಟ ಕೊಟ್ಟು ಊರಿನಲ್ಲಿ ಉಳಿಸಿಕೊಳ್ಳುತ್ತದೆ. ಕರಿದುಂಬಿ ಗೂಡು ಮಾಡುವುದು ಒಣಗಿದ ಮರದಲ್ಲಿ. ಹಳೆಯ ತೊಲೆಯನ್ನೋ ಒಣಬಿದಿರನ್ನೋ ಹಿತ್ತಲಿನಲ್ಲಿ ಒಂದು ಕಡೆ ಬಿಟ್ಟರೆ ಸಾಕು. ಎಲೆಯಲ್ಲಿ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅವು ಚಿಟ್ಟೆಯ ಮರಿಗಳು, ತಿಂದ ಎಲೆಯನ್ನು ಗಿಡ ಮತ್ತೆ ಬಿಡುತ್ತದೆ.

ಪೊದೆಯಾದರೆ ಹಾವು ಬರುವುದಿಲ್ಲವೇ ಎಂದು ಒಬ್ಬ ಅಕ್ಕ ಆಗಲೇ ಕೇಳಿದರು. ನ್ಯಾಯವಾದ ಭಯ. ನೆಲದಿಂದ ಒಂದೂವರೆ ಅಡಿಯವರೆಗೆ ಪಕ್ಕದ ಕೊಂಬೆಗಳನ್ನು ಸವರಿ, ಬುಡ ಕಾಣುವಂತೆ ಇಡಿ. ಬಾಗಿಲಿಗೆ ತೀರ ಹತ್ತಿರ ನೆಡಬೇಡಿ. ಮೇಕೆಯ ವಿಷಯ ಕೇಳಿದವರಿಗೆ: ದನ ಮೇಕೆಗಳು ಇದಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಮೇದು ಮೇದು ಸವೆದ ಗೋಮಾಳದಲ್ಲಿಯೂ ತಂಗಡಿ ನಿಂತಿರುವುದು ಆ ಕಾರಣದಿಂದಲೇ. ಆದರೆ ಮುಳ್ಳಿಲ್ಲದ ಗಿಡ. ಒಳಗಿನ ತರಕಾರಿಗೆ ನುಗ್ಗುವ ಮೇಕೆಯನ್ನು ಇದು ತಡೆಯದು. ಅದಕ್ಕೆ ಬೇರೆ ಬೇಲಿ ಬೇಕು.

ಕಡಿದ ಸೊಪ್ಪನ್ನು ಸುಡಬೇಡಿ. ಗದ್ದೆಗೆ ತುಳಿಯುವ ಹಸಿರೆಲೆ ಗೊಬ್ಬರವಾಗಿ ನಮ್ಮ ಹಿರಿಯರು ಇದನ್ನು ಬಳಸುತ್ತಿದ್ದರು, ತಿಪ್ಪೆಗೂ ಹಾಕಬಹುದು. ಹುರುಳಿ, ಅಲಸಂದೆಯಂತೆ ಕಾಯಿ ಬಿಡುವ ಗಿಡವೆಂದು ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿದೀತೆಂದು ಎಣಿಸಬೇಡಿ. ಈ ಬಳಗದ ಗಿಡಗಳು ಸಾಮಾನ್ಯವಾಗಿ ಗಂಟು ಕಟ್ಟುವುದಿಲ್ಲ. ಇದರ ಲಾಭ ಸೊಪ್ಪಿನಲ್ಲಿದೆ.

ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ನೂರಕ್ಕೆ ಸುಮಾರು ೧೮ ಭಾಗ. ಒಂದು ಕಾಲಕ್ಕೆ ದಕ್ಷಿಣ ಭಾರತದ ಚರ್ಮದ ಕಾರ್ಖಾನೆಗಳೆಲ್ಲ ಇದರ ಮೇಲೆ ನಡೆದವು. ಆಫ್ರಿಕದ ವಾಟಲ್ ತೊಗಟೆ, ಆಮೇಲೆ ಕ್ರೋಮ್ ಉಪ್ಪು ಬಂದು ಆ ಬೇಡಿಕೆ ಇಳಿಯಿತು. ತೊಗಟೆಗಾಗಿ ಬೆಳೆಸಿ ಹಣ ಮಾಡಿ ಎಂದು ನಾನು ಹೇಳುವುದಿಲ್ಲ.

ಹೂವನ್ನು ಒಣಗಿಸಿ ಕಷಾಯ ಮಾಡುವುದು ತಮಿಳುನಾಡಿನಲ್ಲಿ ಉಂಟು. ಸಿಂಹಳದವರು ರಣವರ ಎಂದು ಚಹದಂತೆ ಕುಡಿಯುತ್ತಾರೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಪೇಟೆಯಲ್ಲಿ ಪುಡಿ ಮಾರುವವರೂ ಇದ್ದಾರೆ. ಇಲಿಗಳ ಮೇಲೆ ಪ್ರಯೋಗ ಮಾಡಿ ರಕ್ತದ ಸಕ್ಕರೆ ಇಳಿದುದನ್ನು ಕಂಡದ್ದು ನಿಜ. ಇಲಿಯ ಮಾತು ಬೇರೆ, ಮನುಷ್ಯನ ಮಾತು ಬೇರೆ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿ ಹೂವಿನ ಕಷಾಯ ನಂಬಿ ಕೂರಬೇಡಿ. ಮಾತ್ರೆಯ ಜೊತೆ ಕುಡಿಯುವ ಮುನ್ನವೂ ಡಾಕ್ಟರನ್ನು ಕೇಳಿ. ಈ ಪುಡಿಯ ವ್ಯಾಪಾರಕ್ಕೆಂದು ಗುಡ್ಡದ ಗಿಡಗಳನ್ನು ಮೊಗ್ಗಿನಲ್ಲೇ ಬೋಳಿಸುವವರು ಬಂದರೆ, ಗೋಮಾಳ ನಿಮ್ಮ ಊರಿನದು, ಹೇಳುವ ಹಕ್ಕು ನಿಮಗಿದೆ. ಬದು ಸರಿಮಾಡಲು ಯಂತ್ರ ತರಿಸಿದಾಗಲೂ ಚಾಲಕನಿಗೆ ಒಂದು ಮಾತು ಹೇಳಿ, ಹತ್ತು ಮಾರಿಗೆ ಒಂದು ತಂಗಡಿಯನ್ನಾದರೂ ಉಳಿಸಿಕೊಳ್ಳಿ. ಬೀಜಕ್ಕೆ ತಾಯಿಗಿಡ ಬೇಕಲ್ಲ.

ಎರಡು ಸೇರು ಬೀಜ ತಂದಿದ್ದೇನೆ. ಕೂಟ ಮುಗಿದ ಮೇಲೆ ಬೇಕಾದವರು ಒಂದೊಂದು ಹಿಡಿ ಒಯ್ಯಬಹುದು. ಮಂದಿ ಹೆಚ್ಚಾದರೆ ಅರ್ಧ ಹಿಡಿ, ಅಷ್ಟರಲ್ಲಿ ಒಂದು ಅಂಗಳಕ್ಕೆ ಧಾರಾಳವಾಯಿತು. ಬಿಸಿನೀರಿನ ಕೆಲಸವನ್ನು ಈ ರಾತ್ರಿಯೇ ಮಾಡಿಬಿಡಬೇಡಿ. ಮಳೆ ಬಿದ್ದು, ಮಾರನೆಯ ದಿನ ಊರುವ ಹದವಿದೆ ಎಂದು ಕಂಡ ರಾತ್ರಿ ಮಾಡಿ. ಒಮ್ಮೆ ನೆನೆದು ಉಬ್ಬಿದ ಬೀಜವನ್ನು ತಿರುಗಿ ಒಣಗಿಸಿ ಇಡಲು ಬರುವುದಿಲ್ಲ.